ಕಡೇ ಓವರ್ ಯಾರಿಗೆ?

ನಮ್ಮ ಹಿರಿಯ ಬೌಲರ್ ವಿಷಯದಲ್ಲಿ ತಂಡದಲ್ಲೂ ಬೆಂಬಲಿಗರಲ್ಲೂ ಎರಡು ಪಕ್ಷಗಳಿದ್ದವು. ಕಡೇ ಓವರನ್ನು ಅವರ ಕೈಗೆ ಕೊಟ್ಟರೆ ಪಂದ್ಯ ಗೆದ್ದ ಹಾಗೆಯೇ ಎನ್ನುವವರು ಒಂದು ಕಡೆ. ಕೊಟ್ಟರೆ ಗೆದ್ದ ಪಂದ್ಯವನ್ನೂ ಎದುರಾಳಿಗೆ ವೀಳ್ಯ ಸಮೇತ ಒಪ್ಪಿಸಿದ ಹಾಗೆ ಎನ್ನುವವರು ಇನ್ನೊಂದು ಕಡೆ. ವಿಕೆಟ್ ಕೀಪರ್ ಆಗಿದ್ದ ನನ್ನ ತಮ್ಮ ಮೊದಲನೆಯ ಪಕ್ಷದವನು. ಎರಡನೆಯ ಪಕ್ಷಕ್ಕೆ ಫ್ಲೋರಿನ್ ಬಾಯಿ ನಾಯಕಿ. ಬಾಯಿ, ಈ ಕೊಲ್ಲಿ ದೇಶದ ದೇರಾದಲ್ಲಿ ನಾನಿದ್ದ ಕ್ಲಿನಿಕ್ಕಿನಲ್ಲೇ ನರ್ಸ್, ನಾನು ಲ್ಯಾಬಿನಲ್ಲಿದ್ದೆ. ಮೈದಾನಕ್ಕೆ ನನ್ನನ್ನು ಮೊದಲು ಎಳೆದುಕೊಂಡು ಹೋದವರೂ ಅವರೇ. ನಾನು ಮಾತ್ರ ವಾರಕ್ಕೊಮ್ಮೆ ಪಕ್ಷ ಬದಲಿಸುತ್ತಿದ್ದೆ.

ಈಗ ಆ ಮನುಷ್ಯ ವೀಸಾ ರದ್ದು ಮಾಡಿಸಿ ಊರಿಗೆ ಹೋಗಿದ್ದಾರೆ. ಜಗಳಕ್ಕೆ ವಿಷಯವಿಲ್ಲದೆ ನಮ್ಮ ಶುಕ್ರವಾರಗಳು ಬಿಕೋ ಎನ್ನುತ್ತಿವೆ.

ನಮ್ಮದು ಅಂಡರ್‌ಆರ್ಮ್ ಕ್ರಿಕೆಟ್. ಮಂಗಳೂರು, ಉಡುಪಿ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರಿಗೆ ಇಷ್ಟು ಹೇಳಿದರೆ ಸಾಕು: ಟೆನಿಸ್ ಚೆಂಡು, ಕೈ ಸೊಂಟಕ್ಕಿಂತ ಮೇಲೆ ಏಳದ ಬೌಲಿಂಗ್, ನಾಲ್ಕೈದು ಓವರಿಗೆ ಮುಗಿಯುವ ಆಟ. ಊರಿನ ಶಾಲೆ ಮೈದಾನಗಳಲ್ಲಿ ಬೆಳೆದ ಈ ಆಟವನ್ನು ನಮ್ಮವರು ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ ತಂದ ಹಾಗೆ ಇಲ್ಲಿಗೂ ತಂದಿದ್ದಾರೆ. ಕಟ್ಟಡ ಏಳುವ ಮೊದಲಿನ ಖಾಲಿ ಮರಳು ಜಾಗ ಎಲ್ಲಿ ಕಂಡರೂ ಅಲ್ಲಿ ಸುಣ್ಣದ ಗೆರೆ ಎಳೆಯುತ್ತಾರೆ.

ರಜೆ ಶುಕ್ರವಾರ. ಜುಮಾ ನಮಾಜಿನ ಮೊದಲು ಆಟ ಮುಗಿಯಬೇಕು. ಹಾಗಾಗಿ ಕಡೇ ಓವರ್ ಎಂದರೆ ಎಲ್ಲರಿಗೂ ಅವಸರ. ನಮ್ಮ ಇನ್ನೊಬ್ಬ ಬೌಲರ್ ನವಾಜನಿಗೆ ಮಸೀದಿಗೆ ಓಡಬೇಕು, ಫ್ಲೋರಿನ್ ಬಾಯಿಗೆ ರಜೆಯ ದಿನದ ಪೂಜೆಗೆ ಇಗರ್ಜಿಗೆ ಹೋಗಬೇಕು, ಕ್ಯಾಪ್ಟನ್ ದಿನಕರನಿಗೆ ಹೆಂಡತಿ ಹೇಳಿದ ಬಂಗುಡೆ ಮೀನು ಮಾರ್ಕೆಟ್ಟಿನಲ್ಲಿ ಖಾಲಿಯಾಗುವ ಚಿಂತೆ. ಅವಸರವೇ ಇಲ್ಲದ ಒಬ್ಬರೇ ಮನುಷ್ಯ ಅವರು. ಐವತ್ತು ದಾಟಿತ್ತು. ಜೆರ್ಸಿಯೊಳಗೆ ಹೊಟ್ಟೆ ಒಂದು ಹೆಜ್ಜೆ ಮುಂದೆಯೇ ಇರುತ್ತಿತ್ತು. ಬೂಟು ಬಿಚ್ಚಿ ಬರಿಗಾಲಲ್ಲಿ ನಿಂತು, ಬ್ಯಾಟ್ಸ್‌ಮನ್‌ಗೆ, “ಎಂತ, ಬೆಳಿಗ್ಗೆ ತಿಂಡಿ ಆಯ್ತಾ?” ಎಂದು ಕೇಳುತ್ತಿದ್ದರು. ಬಾಯಿಮಾತಿಗಲ್ಲ, ಉತ್ತರ ಬರುವವರೆಗೆ ಕಾಯುತ್ತಿದ್ದರು. ಆಮೇಲೆ ಕೋಳಿಮರಿಯನ್ನು ನೆಲಕ್ಕೆ ಬಿಟ್ಟ ಹಾಗೆ ಚೆಂಡನ್ನು ಬಿಡುತ್ತಿದ್ದರು. ಅದು ಎಷ್ಟು ನಿಧಾನವಾಗಿ ಬರುತ್ತಿತ್ತೆಂದರೆ, ಬ್ಯಾಟ್ಸ್‌ಮನ್ ಅಷ್ಟರಲ್ಲಿ ಸಿಕ್ಸ್ ಹೊಡೆಯುವುದು ಎಂದು ನಿರ್ಧರಿಸಿ, ಬೇಡ ಎಂದು ಮನಸ್ಸು ಬದಲಿಸಿ, ಮತ್ತೆ ಹೊಡೆದೇಬಿಡುವ ಎಂದು ಮುಂದೆ ಬಂದಿರುತ್ತಿದ್ದ. ಚೆಂಡು ಅಲ್ಲಿ ಇರುತ್ತಿರಲಿಲ್ಲ. ನನ್ನ ತಮ್ಮನ ಕೈಯಲ್ಲಿರುತ್ತಿತ್ತು.

“ಫಾಸ್ಟ್ ಹಾಕಿದ್ರೆ ಬ್ಯಾಟ್ ತಾನಾಗಿ ಬೀಸ್ತದೆ,” ಎಂದು ಅವರೊಮ್ಮೆ ನನಗೆ ಹೇಳಿದ್ದರು. “ಸ್ಲೋ ಹಾಕಿದ್ರೆ ಅವ ಆಲೋಚನೆ ಮಾಡ್ತಾನೆ. ಆಲೋಚನೆ ಮಾಡಿದವ ಕ್ರೀಸ್ ಬಿಟ್ಟು ಹೊರಗೆ ಬರ್ತಾನೆ. ಮತ್ತೆ ನನಗೆಂತ ಕೆಲಸ?”

ಇದು ಒಳ್ಳೆಯ ದಿನಗಳ ಮಾತು. ಕೆಟ್ಟ ದಿನ ಅದೇ ಚೆಂಡು ವೈಡ್ ಹೋಗುತ್ತಿತ್ತು. ಅಥವಾ ಆಲೋಚನೆಯೇ ಮಾಡದ ಯಾವನೋ ಒಬ್ಬ ಅದನ್ನು ಎತ್ತಿ ಪಕ್ಕದ ರಸ್ತೆಗೆ ಕಳಿಸುತ್ತಿದ್ದ. ಆಟ ಮುಗಿಸಿ ಕೆಫೆಟೇರಿಯಾದಲ್ಲಿ ಕರಕ್ ಎನ್ನುವ ಗಟ್ಟಿ ಹಾಲಿನ ಚಹಾ ಹಿಡಿದು ಕುಳಿತರೆ ವಿಚಾರಣೆ ಶುರು.

“ಆಂಟಿ, ಅವರ ಬಾಲಿಗೆ ಸಿಕ್ಸ್ ಹೊಡೀಬೇಕಾದ್ರೆ ಬ್ಯಾಟ್ಸ್‌ಮನ್ ಸ್ವಂತ ಶಕ್ತಿ ಹಾಕ್ಬೇಕು,” ಎನ್ನುವನು ನನ್ನ ತಮ್ಮ.

“ಹಾಕ್ತಾರಲ್ಲ ಶಕ್ತಿ!” ಎನ್ನುವರು ಫ್ಲೋರಿನ್ ಬಾಯಿ. “ಇವತ್ತು ಬಾಲ್ ನೀರಿನ ಟ್ಯಾಂಕರಿನ ಮೇಲೆ ಹೋಗಿ ಕೂತದ್ದು ಎಂತಕ್ಕೆ? ಬಿಸಿಲಿಗೆ ಒಣಗಲಿಕ್ಕಾ?”

“ಅದೊಂದು ಬಿಟ್ಟರೆ...”

“ಆ ಎರಡು ವೈಡ್? ಅದನ್ನು ಕೂಡ ಬ್ಯಾಟ್ಸ್‌ಮನ್ನೇ ಹಾಕಿದ್ದಾ?”

ಆರೋಪಿಯಾದ ಅವರೂ ಅದೇ ಮೇಜಿನಲ್ಲಿ ಕುಳಿತು, ಇನ್ಯಾರದೋ ಸುದ್ದಿ ಕೇಳುವವರಂತೆ ಚಹಾ ಹೀರುತ್ತಿದ್ದರು. ಕೊನೆಗೆ ತೀರ್ಪು ಕೊಡುವ ಧಾಟಿಯಲ್ಲಿ, “ಬಾಯಿ ಹೇಳುದರಲ್ಲಿ ತಪ್ಪಿಲ್ಲ. ನನಗೂ ಆ ಜನದ ಮೇಲೆ ಭರವಸೆ ಕಡಿಮೆಯೇ,” ಎನ್ನುವರು. ವಯಸ್ಸಿನಲ್ಲಿ ಫ್ಲೋರಿನ್ ಬಾಯಿಯೇ ಅವರಿಗಿಂತ ನಾಲ್ಕು ವರ್ಷ ದೊಡ್ಡವರು, ಊರಿನಲ್ಲಿ ಇಬ್ಬರೂ ಒಂದೇ ಇಗರ್ಜಿಯವರು. “ನಗಬೇಡ ನೀನು! ನಾಚಿಕೆ ಉಂಟಾ ನಿನಗೆ?” ಎಂದು ಅವರ ತಟ್ಟೆಯಿಂದಲೇ ಒಂದು ಸಮೋಸ ಎತ್ತಿಕೊಳ್ಳುವರು.

ನಮ್ಮ ಬೌಲರ್ ಕೆಲಸ ಮಾಡುತ್ತಿದ್ದುದು ದೇರಾದ ಒಂದು ಹೋಟೆಲಿನಲ್ಲಿ, ಬ್ಯಾಂಕ್ವೆಟ್ ಹಾಲಿನ ಉಸ್ತುವಾರಿ. ನಮ್ಮ ಊರಿನವರ ಸಂಘಗಳ ವಾರ್ಷಿಕೋತ್ಸವ, ಮದುವೆ ಆರತಕ್ಷತೆ ಎಲ್ಲ ಅಲ್ಲೇ. ಒಂದು ಸಮಾರಂಭದಲ್ಲಿ ಅತಿಥಿಯೊಬ್ಬರು ಮೈಕ್ ಬಿಡದೆ ಮಾತಾಡುತ್ತಲೇ ಇದ್ದರು. ಸಂಘಟಕರು ಚೀಟಿ ಕಳಿಸಿದರು, ಗಡಿಯಾರ ತೋರಿಸಿದರು, ಏನೂ ಆಗಲಿಲ್ಲ. ಇವರು ಹಿಂದಿನ ಬಾಗಿಲಲ್ಲಿ ನಿಂತು ಹುಡುಗರಿಗೆ ಕಣ್ಣು ಹೊಡೆದರು. ಕೋರಿ ಸುಕ್ಕದ ಪಾತ್ರೆಗಳ ಮುಚ್ಚಳ ಒಂದೊಂದಾಗಿ ತೆರೆಯಿತು. ಪರಿಮಳ ಎದುರಿನ ಸಾಲಿನಿಂದ ವೇದಿಕೆಗೆ ಏರಿದ ಕೂಡಲೇ ಅತಿಥಿಗಳು ತಮ್ಮ ಎರಡು ಮಾತುಗಳನ್ನು ಮುಗಿಸಿದರು. “ಮೈಕ್ ಕಿತ್ತುಕೊಂಡ್ರೆ ಮರ್ಯಾದೆ ಅಲ್ಲ,” ಎಂದರು ಇವರು ನನಗೆ. “ಅವರಾಗಿ ಇಳಿದು ಬರುವ ಹಾಗೆ ಮಾಡ್ಬೇಕು.”

ಒಂದು ಚಳಿಗಾಲದಲ್ಲಿ ನಾವು ಫೈನಲ್ ಸೋತೆವು. ಕಡೇ ಓವರ್ ಅವರದು, ಕಡೇ ಚೆಂಡು ವೈಡ್, ಅಲ್ಲಿಗೇ ಖಲಾಸ್. ಆ ಸಲದ ವಿಚಾರಣೆಯಲ್ಲಿ ಯಾರೂ ನಗಲಿಲ್ಲ. ನನ್ನ ತಮ್ಮ ಕೂಡ ವಾದ ಮಾಡಲಿಲ್ಲ. ಅಲ್ ಐನ್‌ನಲ್ಲಿ ಮುಂದಿನ ಪಂದ್ಯಾವಳಿ ಇತ್ತು. ಅಲ್ಲಿ ಕಡೇ ಓವರ್ ನವಾಜನಿಗೆ ಎಂದು ದಿನಕರ ನಿರ್ಧರಿಸಿದ. ಅದನ್ನು ಅವರಿಗೆ ಹೇಳುವ ಧೈರ್ಯ ಬಂದದ್ದು ಮಾತ್ರ ಆ ಶುಕ್ರವಾರ ಬೆಳಿಗ್ಗೆ, ಎಲ್ಲರೂ ಬಾಡಿಗೆ ವ್ಯಾನು ಹತ್ತಿದ ಮೇಲೆ. ಓಡಿಸುತ್ತಿದ್ದವನು ದಿನಕರನೇ. ಕನ್ನಡಿಯಲ್ಲಿ ಅವರ ಮುಖ ನೋಡುತ್ತ, “ಅಣ್ಣ, ಇವತ್ತು ನೀವು ಎರಡನೇ ಓವರ್ ಹಾಕಿ. ಕಡೇದು ನವಾಜ್ ನೋಡಿಕೊಳ್ತಾನೆ,” ಎಂದ.

“ಆಯ್ತು ಮಾರಾಯ,” ಎಂದರು. ಕಿಟಕಿಯ ಕಡೆ ತಿರುಗಿದರು. ಹೊರಗೆ ನೋಡಲು ಏನೂ ಇರಲಿಲ್ಲ, ಬರೀ ಮಂಜು.

ಆ ಮಂಜನ್ನು ನಾನು ಈಗಲೂ ದಿನಕ್ಕೊಮ್ಮೆಯಾದರೂ ನೋಡುತ್ತೇನೆ, ಬಸ್ಸಿನಲ್ಲಿ, ಲ್ಯಾಬಿನಲ್ಲಿ, ತಲೆಗೆ ಎಣ್ಣೆ ಹಚ್ಚುವಾಗ. ಮಂಜು ದಟ್ಟವಾಗಿ ಹೆದ್ದಾರಿ ಇದ್ದಕ್ಕಿದ್ದಂತೆ ಇಲ್ಲವಾಯಿತು. ದಿನಕರ ವೇಗ ಇಳಿಸುತ್ತ ಬಂದ. ಎದುರಿಗೆ ಎರಡು ಕೆಂಪು ದೀಪಗಳು ಮಿಣುಕಿದವು, ಅವನು ಬ್ರೇಕ್ ಒತ್ತಿದ, ಆದರೂ ನಿಂತಿದ್ದ ಒಂದು ಪಿಕಪ್ಪಿನ ಹಿಂಬದಿಗೆ ನಮ್ಮ ವ್ಯಾನು ಮೆಲ್ಲನೆ ತಾಗಿತು. ಯಾರಿಗೂ ಗೀರು ಗಾಯವಿಲ್ಲ. ಬಂಪರಿನ ಒಂದು ಮೂಲೆ ಒಳಗೆ ಹೋಗಿತ್ತು, ಅಷ್ಟೇ.

ಈ ದೇಶದಲ್ಲಿ ಪೊಲೀಸರ ಕಾಗದವಿಲ್ಲದೆ ಯಾವ ಗ್ಯಾರೇಜಿನವನೂ ತಾಗಿದ ಗಾಡಿಯನ್ನು ಮುಟ್ಟುವುದಿಲ್ಲ. ಇಲ್ಲಿ ಹತ್ತು ವರ್ಷ ಇದ್ದವರಿಗೆ ಅದು ರಕ್ತದಲ್ಲೇ ಸೇರಿಹೋಗಿರುತ್ತದೆ. “ಯಾರೂ ಗಾಡಿ ಅಲ್ಲಾಡಿಸಬೇಡಿ. ಪೊಲೀಸ್ ಬರ್ಲಿ, ಪೇಪರ್ ಕೊಡ್ಲಿ,” ಎಂದು ದಿನಕರ ಕೆಳಗಿಳಿದ. ಅವನ ಹಿಂದೆ ಉಳಿದವರೂ ಇಳಿದರು. ಹೆದ್ದಾರಿಯ ಮಧ್ಯೆ, ಕೈ ಚಾಚಿದರೆ ಕೈ ಕಾಣದ ಮಂಜಿನಲ್ಲಿ, ನಮ್ಮ ಇಡೀ ತಂಡ ಬಂಪರಿನ ಸುತ್ತ ನಿಂತು ಫೋಟೋ ತೆಗೆಯುತ್ತಿತ್ತು. ಫ್ಲೋರಿನ್ ಬಾಯಿ ಮತ್ತು ನಾನು ಚಳಿಗೆ ಒಳಗೇ ಕುಳಿತಿದ್ದೆವು.

ಕಿಟಕಿಯ ಕಡೆ ತಿರುಗಿದ್ದ ಅವರು ಎಲ್ಲರಿಗಿಂತ ಕೊನೆಗೆ ಇಳಿದರು. ಬಂಪರನ್ನು ನೋಡಲೇ ಇಲ್ಲ. ಬಂದ ದಾರಿಯ ಕಡೆ ಮುಖ ಮಾಡಿ, ತಲೆ ಓರೆ ಮಾಡಿ ಒಂದು ಕ್ಷಣ ಕೇಳಿಸಿಕೊಂಡರು.

“ಎಲ್ಲರೂ ಬಲಕ್ಕೆ. ರೋಡಿನ ಬದಿಯ ತಗಡಿನ ತಡೆ ದಾಟಿ ಮರಳಿಗೆ ಹೋಗಿ. ಯಲ್ಲಾ, ಬೇಗ!”

ಬೇರೆ ಯಾರು ಹೇಳಿದ್ದರೂ ಓಡುತ್ತಿದ್ದರೋ ಏನೋ. ಆದರೆ ಅವರು ಹೇಳಿದ್ದನ್ನು ಚರ್ಚೆಗೆ ಹಾಕಿಯೇ ಅಭ್ಯಾಸ ನಮ್ಮವರಿಗೆ.

“ಅಣ್ಣ, ಪೊಲೀಸ್ ಬಂದಾಗ ನಾವಿಲ್ಲಿ ಇಲ್ಲದಿದ್ರೆ ಫೈನ್ ಹಾಕ್ತಾರೆ,” ಎಂದ ದಿನಕರ.

“ಗಾಡಿ ಒಳಗೆ ಕೂತ್ರೆ ಹೆಚ್ಚು ಸೇಫ್ ಅಲ್ವಾ?” ಎಂದ ನವಾಜ್.

“ಮರಳಲ್ಲಿ ಹಾವು ಉಂಟೋ ಎಂತದೋ,” ಎಂದರು ನನ್ನ ಪಕ್ಕದಿಂದ ಫ್ಲೋರಿನ್ ಬಾಯಿ.

ಅವರು ನೇರ ಹಿಂದಕ್ಕೆ ನಡೆದರು. ವ್ಯಾನಿನ ಹಿಂಬಾಗಿಲು ತೆರೆದರು. ದಿನಕರ ಊರಿನ ಆಚಾರಿಯ ಕೈಯಲ್ಲಿ ಮಾಡಿಸಿ ತರಿಸಿಕೊಂಡ ಹೊಸ ಬ್ಯಾಟು ಅಲ್ಲಿತ್ತು. ಅದನ್ನು ಅವನು ಮಗುವಿನಂತೆ ಟವೆಲಿನಲ್ಲಿ ಸುತ್ತಿಟ್ಟಿದ್ದ. ಅದನ್ನು ಎತ್ತಿ, ಸೊಂಟದ ಕೆಳಗಿನಿಂದ ಕೈ ಬೀಸಿ, ರಸ್ತೆಯಂಚಿನ ತಗಡಿನ ಆಚೆ ಮಂಜಿನೊಳಗೆ ಎಸೆದೇಬಿಟ್ಟರು.

“ನಿಮಗೆ ಮಂಡೆ ಸರಿ ಉಂಟಾ?” ಎಂದು ಕಿರುಚುತ್ತ ದಿನಕರ ತಗಡು ಹಾರಿದ. ಮರುಕ್ಷಣ ನನ್ನ ತಮ್ಮನ ಗ್ಲವ್ಸ್ ಹಾರಿತು, ಅದರ ಹಿಂದೆ ತಮ್ಮ. ಕಿಟ್ ಬ್ಯಾಗ್ ಹಾರಿತು, ಅದರ ಹಿಂದೆ ನವಾಜ್ ಮತ್ತು ಉಳಿದವರು, ಯಾರು ಯಾರನ್ನು ಬೈಯುತ್ತಿದ್ದರೆಂದು ತಿಳಿಯದ ಗಲಾಟೆಯಲ್ಲಿ. ಕೊನೆಗೆ ನಮ್ಮ ಬಾಗಿಲಿಗೆ ಬಂದು, ಫ್ಲೋರಿನ್ ಬಾಯಿಯ ಮಡಿಲಿನಿಂದ ವ್ಯಾನಿಟಿ ಬ್ಯಾಗ್ ಕಿತ್ತುಕೊಂಡು ಅದನ್ನೂ ಎಸೆದರು. ಆ ಬ್ಯಾಗಿನಲ್ಲಿ ಕನ್ನಡಕ, ಜಪಸರ, ಬಿ.ಪಿ. ಮಾತ್ರೆ, ಅವರ ಪ್ರಪಂಚವೇ ಇತ್ತು. “ಕಳ್ಳಾ!” ಎಂದು ಚೀರುತ್ತ ಅವರು ಇಳಿದರು. ಅವರ ತೋಳು ಹಿಡಿದು ನಾನು ಇಳಿದೆ. ತಗಡು ದಾಟುವಾಗ ಫ್ಲೋರಿನ್ ಬಾಯಿಯ ಮಂಡಿ ತರಚಿತು.

ಹಿಂದಿರುಗಿ ನೋಡಿದಾಗ ಅವರು ಪಿಕಪ್ಪಿನ ಬಾಗಿಲು ಬಡಿಯುತ್ತಿದ್ದರು. ಒಳಗಿದ್ದ ಪಠಾಣ ಡ್ರೈವರ್ ಕೈ ಅಲ್ಲಾಡಿಸಿ ಬರುವುದಿಲ್ಲ ಎನ್ನುತ್ತಿದ್ದ. ಅವನಿಗೆ ಎಸೆಯಲು ಇವರ ಬಳಿ ಏನೂ ಉಳಿದಿರಲಿಲ್ಲ. ಬಾಗಿಲು ತೆರೆದು ಅವನ ತೋಳಿಗೇ ಕೈ ಹಾಕಿದರು. ಇಬ್ಬರೂ ತಗಡಿನ ಹತ್ತಿರ ಬಂದಿದ್ದರು. ಪಠಾಣ ದಾಟಿದ್ದ, ಇವರ ಒಂದು ಕಾಲು ಆಚೆ, ಒಂದು ಕಾಲು ಈಚೆ.

ಆಗ ಆ ಸದ್ದು ಬಂತು. ಬ್ರೇಕಿನ ಸದ್ದು ಮೊದಲು, ಉದ್ದಕ್ಕೆ. ಆಮೇಲೆ ನಮ್ಮ ವ್ಯಾನು ಇದ್ದ ಜಾಗದಲ್ಲಿ ಕಬ್ಬಿಣ ಹರಿಯುವ ಸದ್ದು. ಅದು ನಿಲ್ಲುವ ಮೊದಲೇ ಇನ್ನೊಂದು. ಮತ್ತೊಂದು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಬಿಳಿಯ ಗೋಡೆಯ ಆಚೆ ಯಾರೋ ಒಂದಾದ ಮೇಲೊಂದು ಗಾಡಿಯನ್ನು ಎತ್ತಿ ಕುಕ್ಕುತ್ತಿದ್ದ ಹಾಗಿತ್ತು. ಒಂಟೆಗಳು ರಸ್ತೆಗೆ ಬಾರದಂತೆ ಹಾಕಿದ ತಂತಿಬೇಲಿ ಸಿಗುವವರೆಗೆ ನಾವು ಮರಳಿನಲ್ಲಿ ಓಡಿದೆವು. ಅವರು ಎಲ್ಲಿ ಎಂದು ಯಾರಿಗೂ ಗೊತ್ತಿರಲಿಲ್ಲ. ನನ್ನ ತಮ್ಮ “ಅಣ್ಣಾ, ಅಣ್ಣಾ” ಎಂದು ಮಂಜಿಗೆ ಕೂಗುತ್ತಿದ್ದ. ಸದ್ದು ನಿಂತ ಮೇಲೂ ಉತ್ತರ ಬರಲಿಲ್ಲ. ಆ ಹೊತ್ತು ಎಷ್ಟು ಎಂದು ನಾನು ಹೇಳಲಾರೆ.

ಕೊನೆಗೆ ಮಂಜಿನಿಂದ ಅವರ ಹೊಟ್ಟೆ ಮೊದಲು ಬಂತು, ಹಿಂದಿನಿಂದ ಅವರು. ಪಠಾಣ ಅವರನ್ನು ಹಿಡಿದುಕೊಂಡಿದ್ದ. ಹಾರಿಬಂದ ಗಾಜು ಬಲಗೈಯ ಅಂಗೈಯನ್ನು ಸೀಳಿತ್ತು. ಜೆರ್ಸಿ ಬಿಚ್ಚಿ ಕೈಗೆ ಸುತ್ತಿಕೊಂಡು ಬರೀ ಬನಿಯನ್ನಿನಲ್ಲಿದ್ದರು. ದಿನಕರನನ್ನು ಕಂಡು ಕೇಳಿದರು: “ಬ್ಯಾಟ್ ಸಿಕ್ಕಿತಾ?”

ದಿನಕರ ಮರಳಿನಲ್ಲಿ ಕುಕ್ಕರುಗಾಲಲ್ಲಿ ಕುಳಿತು ಮುಖ ಮುಚ್ಚಿಕೊಂಡ. ಫ್ಲೋರಿನ್ ಬಾಯಿ ಮಾತ್ರ ಬ್ಯಾಗ್ ಹುಡುಕಿ, ಕನ್ನಡಕ ಹಾಕಿ, ಆ ಕೈಯನ್ನು ಬಿಗಿಯಾಗಿ ಒತ್ತಿ ಹಿಡಿದು ಆಂಬುಲೆನ್ಸ್ ಬರುವವರೆಗೂ ಬಿಡಲಿಲ್ಲ. ಬಿಸಿಲೇರಿ ಮಂಜು ಕರಗಿದಾಗ ನಮ್ಮ ವ್ಯಾನನ್ನು ನೋಡಿದೆವು. ನಾನೂ ಬಾಯಿಯೂ ಕುಳಿತಿದ್ದ ಸೀಟು ಎಲ್ಲಿತ್ತು ಎಂದು ಗುರುತು ಹಿಡಿಯಲು ಆಗಲಿಲ್ಲ. ಬೇರೆ ಗಾಡಿಗಳಲ್ಲಿ ಇದ್ದವರೆಲ್ಲ ನಮ್ಮಂತೆ ಉಳಿಯಲಿಲ್ಲ. ಅದನ್ನು ಬರೆಯಲು ಕೈ ಬರುತ್ತಿಲ್ಲ.

ಆ ದಿನದಿಂದ ತಂಡದಲ್ಲಿ ಅವರ ಬಗ್ಗೆ ವಾದ ನಿಂತುಹೋಯಿತು. ಅವರು ಕೆಫೆಟೇರಿಯಾಕ್ಕೆ ಬಂದರೆ ಎದ್ದು ಕುರ್ಚಿ ಕೊಡುತ್ತಿದ್ದೆವು. ಫ್ಲೋರಿನ್ ಬಾಯಿ ಅವರ ತಟ್ಟೆಗೆ ಕೈ ಹಾಕುವುದಿರಲಿ, ಮನೆಯಿಂದ ಮೀನು ಹುರಿದು ಡಬ್ಬಿಯಲ್ಲಿ ತರುತ್ತಿದ್ದರು. ಹೊಲಿಗೆ ಬಿಚ್ಚಿದ ಮೇಲೆ ಅವರು ಮೈದಾನಕ್ಕೆ ಬಂದ ಮೊದಲ ಶುಕ್ರವಾರ ದಿನಕರ ಎಲ್ಲರನ್ನೂ ನಿಲ್ಲಿಸಿ ಘೋಷಿಸಿದ: “ಇನ್ನು ಮೇಲೆ ಕಡೇ ಓವರ್ ಯಾವಾಗಲೂ ಅಣ್ಣನಿಗೆ. ಇದರಲ್ಲಿ ಚರ್ಚೆ ಮಾಫಿ, ಇಲ್ಲವೇ ಇಲ್ಲ.”

ನಾವು ಚಪ್ಪಾಳೆ ತಟ್ಟಿದೆವು. ಅವರ ಮುಖ ಕಪ್ಪಿಟ್ಟಿತು. ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ಯಾಕೆ ಮಾಫಿ? ನನ್ನ ಬೌಲಿಂಗ್ ನೋಡಿದ್ದೀಯಾ ನೀನು, ಕೈ ಕೊಯ್ದ ಮೇಲೆ?”

“ಅಣ್ಣ, ನೀವು ನಮ್ಮ ಜೀವ...”

“ಅದಕ್ಕೆ ಸನ್ಮಾನ ಮಾಡು. ಒಂದು ಶಾಲು ಹಾಕು, ಹಣ್ಣಿನ ಬುಟ್ಟಿ ಕೊಡು, ಫೋಟೋ ತೆಗಿ. ನನ್ನ ಹಾಲಿನಲ್ಲಿ ವಾರಕ್ಕೆರಡು ಸನ್ಮಾನ ಆಗ್ತದೆ, ಕುರ್ಚಿ ಹಾಕುವವ ನಾನೇ. ಸನ್ಮಾನ ಆದವರನ್ನು ಮತ್ತೆ ಯಾರೂ ಎಂತದೂ ಕೇಳುದಿಲ್ಲ, ನಾನು ನೋಡಿದ್ದೇನೆ. ಕಡೇ ಓವರ್ ಸನ್ಮಾನದ ಶಾಲು ಅಲ್ಲ ಮಾರಾಯ. ನವಾಜ್ ಹಾಕ್ಲಿ. ನನ್ನ ಕೈ ಸರಿಯಾದಾಗ ನಾನೇ ಕೇಳ್ತೇನೆ. ಆಗ ಕೊಡುದಾ ಬೇಡ್ವಾ ಅಂತ ಜಗಳ ಮಾಡಿ.”

ಆ ಋತು ಪೂರ್ತಿ ನವಾಜನೇ ಹಾಕಿದ. ಚೆನ್ನಾಗಿಯೇ ಹಾಕಿದ. ಅವರು ಗೆರೆಯ ಹೊರಗೆ ಬರಿಗಾಲಲ್ಲಿ ಕುಳಿತು, ಒದ್ದೆ ಚೆಂಡನ್ನು ಬಲಗೈಯಲ್ಲಿ ಹಿಂಡುತ್ತ ನೋಡುತ್ತಿದ್ದರು. ಕಿರುಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಮುಂದಿನ ಚಳಿಗಾಲ ಶಾರ್ಜಾದ ಪಂದ್ಯಾವಳಿಗೆ ಮೊದಲು ಅವರಾಗಿಯೇ ದಿನಕರನ ಬಳಿ ಹೋಗಿ, “ಈಗ ಕೇಳ್ತಾ ಇದ್ದೇನೆ,” ಎಂದರು. ಅಭ್ಯಾಸದಲ್ಲಿ ಅವರೊಂದು ಓವರ್, ನವಾಜನೊಂದು ಓವರ್ ಹಾಕಿದರು. ಅವರ ಒಂದು ಚೆಂಡು ಬೆರಳಿನಿಂದ ಜಾರಿ ಎತ್ತಲೋ ಹೋಯಿತು. ಉಳಿದವು ಮೊದಲಿನ ಹಾಗೇ ಇದ್ದವು. ಎಲ್ಲರೂ ಫ್ಲೋರಿನ್ ಬಾಯಿಯ ಮುಖ ನೋಡಿದರು. ಬಾಯಿ ನೆಲ ನೋಡುತ್ತ, “ಒಳ್ಳೆಯದಾಗಿದೆ,” ಎಂದರು. ನವಾಜನೇ, “ಅಣ್ಣ ಹಾಕ್ಲಿ, ಅವರ ಸ್ಲೋ ಬಾಲ್ ನನಗೆ ಬರುದಿಲ್ಲ,” ಎಂದ. ಓವರ್ ಅವರಿಗೆ ಸಿಕ್ಕಿತು. ಆದರೆ ಅವರ ಮುಖದಲ್ಲಿ ಗೆಲುವಿರಲಿಲ್ಲ. ತಮಗೆ ಓವರ್ ಬಂತೋ, ಶಾಲು ಬಂತೋ ಎಂದು ಅವರಿಗೆ ಇನ್ನೂ ಗೊತ್ತಾಗಿರಲಿಲ್ಲ.

ಶಾರ್ಜಾದಲ್ಲಿ ಕಡೇ ಓವರಿಗೆ ಎದುರಾಳಿಗಳಿಗೆ ಒಂಬತ್ತು ರನ್ ಬೇಕಿತ್ತು. ಮೊದಲ ಚೆಂಡು ಖಾಲಿ. ಎರಡನೆಯದು ಜಾರಿ ವೈಡ್ ಹೋಯಿತು. ಹಳೆಯ ದಿನಗಳಾಗಿದ್ದರೆ ನಮ್ಮ ಕಡೆಯಿಂದ ಆಕಾಶ ಹರಿಯುವ ಬೊಬ್ಬೆ ಏಳುತ್ತಿತ್ತು. ಈಗ ಯಾರೂ ತುಟಿ ಬಿಚ್ಚಲಿಲ್ಲ. ಕೆಲವರು ಮೆಲ್ಲನೆ ಚಪ್ಪಾಳೆಯನ್ನೂ ತಟ್ಟಿದರು. ಮತ್ತೆ ಹಾಕಿದರು, ಮತ್ತೆ ವೈಡ್. ಮತ್ತೆ ಚಪ್ಪಾಳೆ.

ಅವರು ಚೆಂಡು ಹಿಡಿದು ನಿಂತರು. ಬ್ಯಾಟ್ಸ್‌ಮನ್ ಕಾಯುತ್ತಿದ್ದ, ಅಂಪೈರ್ ಗಡಿಯಾರ ನೋಡಿದ. ಅವರು ಪಿಚ್ ಬಿಟ್ಟು ನೇರ ನಮ್ಮ ಕಡೆಗೆ ನಡೆದು ಬಂದು ಗೆರೆಯ ಹತ್ತಿರ ನಿಂತರು.

“ಫ್ಲೋರಿನ್ ಬಾಯಿ, ಎರಡು ವೈಡ್ ಆಯ್ತು. ಕಾಣ್ಲಿಲ್ವಾ? ಕನ್ನಡಕ ಮರಳಿನಲ್ಲೇ ಬಿಟ್ಟು ಬಂದ್ಯಾ?”

ಬಾಯಿಯ ಕಣ್ಣು ತುಂಬಿತ್ತು. ಕೈಯಲ್ಲಿದ್ದ ನೀರಿನ ಬಾಟಲಿಯನ್ನು ನನ್ನ ಮಡಿಲಿಗೆ ಹಾಕಿ ಎದ್ದು ನಿಂತರು.

“ಕಂಡಿತು! ಇಡೀ ಶಾರ್ಜಾಕ್ಕೆ ಕಂಡಿತು! ಅದೆಂತ ಬೌಲಿಂಗಾ, ಇಗರ್ಜಿಯಲ್ಲಿ ತೀರ್ಥ ಚಿಮುಕಿಸುದಾ? ವಿಕೆಟ್ ಮಧ್ಯದಲ್ಲಿ ಉಂಟು, ಆಚೆ ಈಚೆ ಇಲ್ಲ! ಈ ಹೊಟ್ಟೆ ಹೊತ್ತುಕೊಂಡು ಇಲ್ಲಿಗೆ ನಡೆದು ಬರಲಿಕ್ಕೆ ಆಗ್ತದೆ, ಬಾಲನ್ನು ಸರೀ ಬಿಡ್ಲಿಕ್ಕೆ ಆಗುದಿಲ್ಲ? ಹೋಗು, ಹೋಗಿ ಹಾಕು! ಇನ್ನೊಂದು ವೈಡ್ ಹಾಕಿದ್ರೆ ನಾನೇ ಬಂದು ಕೈಯಿಂದ ಬಾಲ್ ಕಿತ್ತುಕೊಳ್ತೇನೆ!”

ಅಷ್ಟೇ ಸಾಕಾಯಿತು. ಒಂದು ವರ್ಷ ಕಟ್ಟಿಟ್ಟಿದ್ದದ್ದು ಎಲ್ಲರ ಬಾಯಿಂದ ಒಟ್ಟಿಗೇ ಹೊರಬಿತ್ತು. ನಾನೂ ಕಿರುಚಿದೆ, ಏನು ಕಿರುಚಿದೆ ಎಂದು ನೆನಪಿಲ್ಲ. ಅವರು ಅದನ್ನೆಲ್ಲ ಒಂದು ಕ್ಷಣ ನಿಂತು ಕೇಳಿದರು. ಬೆನ್ನು ನೇರವಾಯಿತು. ಪಿಚ್ಚಿಗೆ ಹಿಂದಿರುಗುವಾಗ ಅವರ ನಡಿಗೆಯಲ್ಲಿ ಒಂದು ಗತ್ತು ಇತ್ತು. ಅದನ್ನು ನೋಡಿ ನನ್ನ ಎದೆ ಉಬ್ಬಿತು. ಈ ಮನುಷ್ಯ ನಮ್ಮವರು ಎಂದು ಪಕ್ಕದ ತಂಡದ ಅಪರಿಚಿತ ಹೆಂಗಸಿಗೆ ಹೇಳಿದೆ.

ಬ್ಯಾಟ್ಸ್‌ಮನ್ ಒಂದು ಫೋರ್ ಹೊಡೆದ. ಮೂರು ರನ್ ಬೇಕಿದ್ದಾಗ, ಕಡೇ ಚೆಂಡಿಗೆ, ಆಲೋಚನೆ ಮಾಡಿ ಕ್ರೀಸ್ ಬಿಟ್ಟು ಹೊರಗೆ ಬಂದ. ನನ್ನ ತಮ್ಮ ಸ್ಟಂಪ್ ಎಬ್ಬಿಸಿದ.

ವಾಪಸು ಬರುವ ವ್ಯಾನಿನಲ್ಲಿ ಗೆಲುವಿನ ಮಾತೇ ಇರಲಿಲ್ಲ. ಆ ಫೋರ್ ಯಾಕೆ ಹೋಯಿತು ಎಂದು ಫ್ಲೋರಿನ್ ಬಾಯಿ, ಅದು ಫೀಲ್ಡರನ ತಪ್ಪು ಎಂದು ನನ್ನ ತಮ್ಮ, ಮುಂದಿನ ವಾರ ನವಾಜನಿಗೆ ಕೊಟ್ಟರೇ ಒಳ್ಳೆಯದು ಎಂದು ಹಿಂದಿನ ಸೀಟಿನವರು. ದಿನಕರ ಸ್ಟೀರಿಂಗ್ ಹಿಡಿದುಕೊಂಡೇ ಹಿಂದಕ್ಕೆ ಉತ್ತರ ಕೊಡುತ್ತಿದ್ದ. ಮಂಜಿನ ದಿನದ ನಂತರ ವ್ಯಾನು ಹತ್ತಿದಾಗಲೆಲ್ಲ ನಾನು ಹಿಂದಿನ ಗಾಜಿನಲ್ಲಿ ಬರುವ ಗಾಡಿಗಳನ್ನೇ ನೋಡುತ್ತ ಕೂರುತ್ತಿದ್ದೆ. ಆ ದಿನ ಅದು ನೆನಪಾದದ್ದು ದೇರಾದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಮೇಲೆಯೇ.

“ಅಣ್ಣ, ನೀವೇ ಹೇಳಿ, ಮುಂದಿನ ವಾರ ಕಡೇ ಓವರ್ ಯಾರಿಗೆ?” ಎಂದು ತಮ್ಮ ಕೊನೆಗೆ ಮುಂದಿನ ಸೀಟಿಗೆ ಬಾಗಿ ಕೇಳಿದ.

ತಮ್ಮದೇ ವಿಷಯದಲ್ಲಿ ನಡೆಯುತ್ತಿದ್ದ ಆ ಗದ್ದಲದ ನಡುವೆ, ಹೊಲಿಗೆಯ ಗೆರೆಯಿದ್ದ ಅಂಗೈಯನ್ನು ಹೊಟ್ಟೆಯ ಮೇಲಿಟ್ಟು, ಬಾಯಿ ತೆರೆದು ಅವರು ಗಾಢವಾಗಿ ನಿದ್ದೆ ಹೋಗಿದ್ದರು.